ಘಟಪ್ರಭೆಯ ತೀರದ ಹಾಡೂ ಗ್ರಾಮಫೋನಿನ ತಟ್ಟೆಯೂ

ಹಾಡುಗಾರನು ತೀರಿಕೊಂಡ ಮೇಲೆ ಅವನ ಹಾಡು ಎಲ್ಲಿರುತ್ತದೆ? ನಮ್ಮ ಮುತ್ತಜ್ಜಂದಿರ ಕಾಲದವರೆಗೆ ಈ ಪ್ರಶ್ನೆಗೆ ಒಂದೇ ಉತ್ತರವಿದ್ದಿತು: ಕೇಳಿದವರ ನೆನಪಿನಲ್ಲಿ ಮತ್ತು ಕಲಿತವರ ಕಂಠದಲ್ಲಿ. ಗ್ರಾಮಫೋನು ಬಂದ ಮೇಲೆ ಎರಡನೆಯ ಉತ್ತರವೊಂದು ಹುಟ್ಟಿಕೊಂಡಿತು: ಅರಗಿನ ತಟ್ಟೆಯ ಗೆರೆಗಳಲ್ಲಿ. ಇವೆರಡರಲ್ಲಿ ಯಾವುದು ದಿಟ, ಅಥವಾ ಒಂದೊಂದೂ ಅರ್ಧ ಮಾತ್ರ ದಿಟವೇ ಎಂಬುದನ್ನು ಈ ಹೊತ್ತು ಶ್ರೋತೃಗಳೊಡನೆ ವಿಚಾರಿಸಬೇಕೆಂದು ನಮ್ಮ ಅಪೇಕ್ಷೆ. ಬರಿಯ ತತ್ತ್ವದ ಮಾತಾದರೆ ಗಾಳಿಗೆ ಹೋದೀತು. ಆದುದರಿಂದ ಮಾತಿಗೆ ನೆಲೆಯಾಗಿ ಬೆಳಗಾವಿ ಜಿಲ್ಲೆಯ ಗೋಕಾಕ, ಮೂಡಲಗಿ, ಹುಕ್ಕೇರಿಗಳ ಸೀಮೆಯನ್ನು ಆರಿಸಿಕೊಂಡಿದ್ದೇವೆ.

ಸಹ್ಯಾದ್ರಿಯಿಂದ ಇಳಿದು ಬರುವ ಘಟಪ್ರಭೆ ಹುಕ್ಕೇರಿಯ ಸೀಮೆಯನ್ನು ಹಾಯ್ದು, ಗೋಕಾಕದ ಹತ್ತಿರ ಸುಮಾರು ೧೭೦ ಅಡಿ ಕೆಳಕ್ಕೆ ಧುಮುಕುತ್ತದೆ. ಆ ಧಬಧಬೆಯ ಮಗ್ಗುಲಲ್ಲಿಯೇ ೧೮೮೫ರಲ್ಲಿ ಸ್ಥಾಪನೆಯಾದ ನೂಲಿನ ಗಿರಣಿಯಿದೆ. ಮೂಡಲಗಿ ಮೊದಲು ಗೋಕಾಕ ತಾಲ್ಲೂಕಿಗೆ ಸೇರಿದ ಊರು. ಈಚೆಗೆ ತಾನೇ ಒಂದು ತಾಲ್ಲೂಕಾಗಿದೆ. ಪ್ರವಾಸಿಗಳು ಈ ಕಡೆಗೆ ಬರುವುದು ಧಬಧಬೆಯನ್ನು ನೋಡುವುದಕ್ಕೆ. ಹಿಂದಿರುಗುವಾಗ ಕೊಳ್ಳುವುದು ಕರದಂಟು. ಆದರೆ ಸೀಮೆಯ ನಿಜವಾದ ಸಂಪತ್ತು ಕಣ್ಣಿಗೆ ಕಾಣತಕ್ಕದ್ದೂ ಅಲ್ಲ, ಪೊಟ್ಟಣ ಕಟ್ಟತಕ್ಕದ್ದೂ ಅಲ್ಲ. ಅದು ಕಿವಿಗೆ ಸೇರಿದ್ದು.

ಬೆಳಗಿನ ಜಾವದ ಬೀಸುವ ಪದ, ಮದುವೆಯ ಸೋಬಾನ, ಬೀರಪ್ಪನ ಗುಡಿಯ ಮುಂದಿನ ಡೊಳ್ಳಿನ ಪದ, ಯಲ್ಲಮ್ಮನ ಭಕ್ತರ ಚೌಡಿಕೆಯ ಪದ, ಮೊಹರಮ್ಮಿನ ಕರ್ಬಲಾ ಪದ, ಅಮಾವಾಸ್ಯೆಯ ರಾತ್ರಿಯ ಭಜನೆ, ದಪ್ಪು ತುಂತುಣಿಗಳ ಗೀಗೀ ಪದ, ಸುಗ್ಗಿಯ ಕಣದ ಹಂತಿಯ ಪದ: ಇಲ್ಲಿ ವರ್ಷದ ಪ್ರತಿಯೊಂದು ಹೊತ್ತಿಗೂ ಅದರದೇ ಆದ ಹಾಡಿದ್ದಿತು. ಹಾಡುವವರು ಬೇರೆ, ಕೇಳುವವರು ಬೇರೆ ಎಂಬ ಗೋಡೆ ಇದ್ದಿಲ್ಲ. ಬೀಸುವವಳೇ ಹಾಡುವವಳು, ಹಂತಿ ಹೊಡೆಯುವವನೇ ಸೊಲ್ಲು ಎತ್ತುವವನು. ಇಂಥ ಸೀಮೆಗೆ ಕಳೆದ ಶತಮಾನದ ಆರಂಭದಲ್ಲಿ ಗ್ರಾಮಫೋನು ಬಂದಿತು. ಅದು ಏನನ್ನು ಉಳಿಸಿತು, ಏನನ್ನು ಉಳಿಸಲಾರದೆ ಹೋಯಿತು ಎಂಬುದನ್ನು ತಿಳಿಯಬೇಕಾದರೆ ಮೊದಲು ಆ ಯಂತ್ರದ ಸ್ವಭಾವವನ್ನು ತುಸು ಅರಿತುಕೊಳ್ಳಬೇಕು.

ಧ್ವನಿಯೆಂದರೆ ಗಾಳಿಯ ಕಂಪನ. ಆ ಕಂಪನವು ತೆಳುವಾದ ಒಂದು ಪೊರೆಯನ್ನು ಅಲುಗಿಸಿದರೆ, ಪೊರೆಗೆ ಹತ್ತಿದ ಮುಳ್ಳು ಮೇಣದ ಮೇಲೆ ಓರೆಕೋರೆಯಾದ ಗೆರೆಯನ್ನು ಕೊರೆಯುತ್ತದೆ. ಮೇಣದಿಂದ ಲೋಹದ ಅಚ್ಚು. ಅಚ್ಚಿನಿಂದ ಅರಗು ಮತ್ತು ಕಲ್ಲಿನ ಪುಡಿ ಬೆರೆಸಿದ ಕರಿಯ ತಟ್ಟೆ. ಕೀಲಿ ಕೊಟ್ಟು ತಟ್ಟೆಯನ್ನು ತಿರುಗಿಸಿ ಅದೇ ಗೆರೆಯ ಮೇಲೆ ಮತ್ತೆ ಮುಳ್ಳನ್ನು ಓಡಿಸಿದರೆ, ಮುಳ್ಳು ಪೊರೆಯನ್ನು ಅಲುಗಿಸಿ, ಪೊರೆ ಗಾಳಿಯನ್ನು ಅಲುಗಿಸಿ, ಹೋದ ದನಿ ಮರಳಿ ಬರುತ್ತದೆ. ತಟ್ಟೆ ನಿಮಿಷಕ್ಕೆ ೭೮ ಸುತ್ತು ತಿರುಗುತ್ತಿತ್ತು. ಹತ್ತು ಅಂಗುಲದ ತಟ್ಟೆಯ ಒಂದು ಮಗ್ಗುಲಲ್ಲಿ ಹಿಡಿಯುತ್ತಿದ್ದುದು ಸುಮಾರು ಮೂರು ನಿಮಿಷದ ಹಾಡು, ಅಷ್ಟೆ. ೧೯೨೫ರ ಸುಮಾರಿಗೆ ವಿದ್ಯುತ್ತಿನ ಮೈಕು ಬರುವ ತನಕ ಹಾಡುಗಾರರು ದೊಡ್ಡದೊಂದು ಕಹಳೆಯ ಬಾಯೊಳಗೆ ಮುಖವಿಟ್ಟು, ಇದ್ದಷ್ಟು ದನಿಯನ್ನೂ ತೆಗೆದು ಹಾಡಬೇಕಾಗಿದ್ದಿತು. ಮೆಲುದನಿಯವರಿಗೆ ಆ ಕಹಳೆಯ ದಯೆ ಇದ್ದಿಲ್ಲ.

೧೯೦೨ರ ನವೆಂಬರಿನಲ್ಲಿ ಕಲಕತ್ತೆಯಲ್ಲಿ ಗೌಹರ್ ಜಾನ್ ಎಂಬ ಗಾಯಕಿಯ ಹಾಡುಗಳನ್ನು ಇಂಗ್ಲೆಂಡಿನಿಂದ ಬಂದ ಕಂಪನಿಯವರು ಮುದ್ರಿಸಿಕೊಂಡರು. ಆಕೆ ಹಾಡು ಮುಗಿದೊಡನೆ ತನ್ನ ಹೆಸರನ್ನು ಇಂಗ್ಲಿಷಿನಲ್ಲಿ ಕೂಗಿ ಹೇಳುತ್ತಿದ್ದಳು. ಕೇಳಿದವರು ಇದನ್ನು ಗರ್ವವೆಂದು ಬಗೆದದ್ದುಂಟು. ಆದರೆ ಅದಕ್ಕೆ ಕಾರಣ ಬೇರೆ. ತಟ್ಟೆಗಳು ಆಗ ಜರ್ಮನಿಯಲ್ಲಿ ತಯಾರಾಗುತ್ತಿದ್ದವು. ಅಲ್ಲಿಯ ಕೆಲಸಗಾರರಿಗೆ ನಮ್ಮ ಭಾಷೆ ತಿಳಿಯದು. ಯಾವ ತಟ್ಟೆಗೆ ಯಾರ ಹೆಸರಿನ ಚೀಟಿ ಅಂಟಿಸಬೇಕೆಂಬುದು ಅವರಿಗೆ ಗೊತ್ತಾಗಬೇಕಾದರೆ ತಟ್ಟೆಯೇ ಮಾತನಾಡಬೇಕಾಗಿದ್ದಿತು. ಈ ಚಿಕ್ಕ ಸಂಗತಿಯನ್ನು ಶ್ರೋತೃಗಳು ನೆನಪಿನಲ್ಲಿಟ್ಟುಕೊಳ್ಳಬೇಕೆಂದು ಬೇಡುತ್ತೇವೆ. ದನಿಯ ಜೊತೆಗೆ ಹೆಸರು ಹೋಗದಿದ್ದರೆ ದನಿ ಅನಾಥವಾಗುತ್ತದೆಂಬುದನ್ನು ಆ ಯಂತ್ರದ ಮೊದಲ ದಿನಗಳೇ ಕಲಿಸಿದ್ದವು.

ಇನ್ನು ಮೂರು ನಿಮಿಷದ ಮಾತು. ಕಛೇರಿಯ ಸಂಗೀತಗಾರರಿಗೂ ಅದು ಇಕ್ಕಟ್ಟೇ. ಗಂಟೆಗಟ್ಟಲೆ ವಿಸ್ತರಿಸತಕ್ಕ ರಾಗವನ್ನು ಅವರು ಬೊಗಸೆಯಲ್ಲಿ ಹಿಡಿದು ತೋರಿಸಬೇಕಾಯಿತು. ಆದರೆ ಹಳ್ಳಿಯ ಹಾಡಿಗೆ ಬಂದ ಕಷ್ಟ ಇನ್ನೊಂದು ಬಗೆಯದು. ಹಂತಿಯ ಪದವನ್ನೇ ನೋಡೋಣ. ಕಣದ ನಡುವೆ ಮೇಟಿ. ಮೇಟಿಯ ಸುತ್ತ ತೆನೆ ತುಳಿಯುವ ಎತ್ತುಗಳು. ಅವುಗಳ ಹಿಂದೆ ಹಾಡುತ್ತ ಸುತ್ತುವ ಒಕ್ಕಲಿಗರು. ಒಬ್ಬನು ನುಡಿಯನ್ನು ಎತ್ತುತ್ತಾನೆ. ಉಳಿದವರು ಸೊಲ್ಲನ್ನು ಹಿಡಿಯುತ್ತಾರೆ. ಹಾಡಿನ ಗತಿ ಎತ್ತಿನ ಹೆಜ್ಜೆಯ ಗತಿ. ಹಾಡಿನ ಉದ್ದ ರಾತ್ರಿಯ ಉದ್ದ. ನಿದ್ದೆಯನ್ನು ಓಡಿಸುವುದು ಅದರ ಕೆಲಸ. ಅದನ್ನು ಮೂರು ನಿಮಿಷಕ್ಕೆ ಕತ್ತರಿಸಿದರೆ ಮಟ್ಟು ಉಳಿದೀತು, ರಾತ್ರಿ ಉಳಿಯದು. ಗೀಗೀ ಪದವಾದರೋ ವಾದದ ಹಾಡು. ಹರದೇಶಿಯ ಮೇಳ ಗಂಡಿನ ಪಕ್ಷ ಹಿಡಿದರೆ ನಾಗೇಶಿಯ ಮೇಳ ಹೆಣ್ಣಿನ ಪಕ್ಷ ಹಿಡಿಯುತ್ತದೆ. ಪ್ರಶ್ನೆಗೆ ಉತ್ತರ, ಉತ್ತರಕ್ಕೆ ಸವಾಲು, ಹೀಗೆ ಬೆಳಗಾಗುತ್ತದೆ. ತಟ್ಟೆಯಲ್ಲಿ ಪ್ರಶ್ನೆಗೆ ಎಡೆಯಾದರೆ ಉತ್ತರಕ್ಕೆ ಎಡೆಯಿಲ್ಲ.

ಈ ಸೀಮೆಯ ಹೆಮ್ಮೆಯೆನ್ನಬೇಕಾದುದು ಶ್ರೀಕೃಷ್ಣ ಪಾರಿಜಾತ. ನಾರದನು ತಂದ ಪಾರಿಜಾತದ ಹೂವನ್ನು ಕೃಷ್ಣನು ರುಕ್ಮಿಣಿಗೆ ಕೊಟ್ಟನೆಂದು ಸತ್ಯಭಾಮೆ ಮುನಿಯುತ್ತಾಳೆ. ಮುನಿದವಳನ್ನು ಒಲಿಸುವುದರಲ್ಲಿ ರಾತ್ರಿ ಕಳೆಯುತ್ತದೆ. ಕಥೆ ಇಷ್ಟೇ. ಆದರೆ ಈ ಎಳೆಯ ಮೇಲೆ ಎಂಥ ನೇಯ್ಗೆ! ಶಾಸ್ತ್ರೀಯ ರಾಗಗಳೂ ಹಳ್ಳಿಯ ಮಟ್ಟುಗಳೂ ಒಂದೇ ಹಾಸಿನಲ್ಲಿ ಹೆಣೆದುಕೊಂಡಿವೆ. ಭಾಗವತನು ಕೇಳುತ್ತಾನೆ, ದೂತಿ ಉತ್ತರ ಕೊಡುತ್ತಾಳೆ, ಅವರ ಮಾತಿನ ಚಕಮಕಿಗೆ ಕುಳಿತ ಮಂದಿಯೆಲ್ಲ ನಗುತ್ತದೆ, ನಗೆ ನಿಲ್ಲುವುದರೊಳಗೆ ಭಾಮೆಯ ಅಳಲಿನ ಪದ ಎದ್ದುಬರುತ್ತದೆ. ಪದಗಳ ಮೊದಲ ಕರ್ತೃ ರಾಯಚೂರು ಸೀಮೆಯ ಅಪರಾಳ ತಮ್ಮಣ್ಣನೆಂದೂ, ಅದನ್ನು ಆಟಕ್ಕೆ ತಂದು ಬೆಳೆಯಿಸಿದವನು ಹತ್ತೊಂಬತ್ತನೆಯ ಶತಮಾನದ ಕುಲಗೋಡ ತಮ್ಮಣ್ಣನೆಂದೂ ವಿದ್ವಾಂಸರು ಹೇಳುತ್ತಾರೆ. ಕುಲಗೋಡ ಮೂಡಲಗಿಯ ಕಡೆಯ ಹಳ್ಳಿ. ಒಂದು ನಾಡಿನ ಮೂಲೆಯಲ್ಲಿ ಬರೆದ ಪದ ಇನ್ನೊಂದು ಮೂಲೆಯ ಹಳ್ಳಿಯಲ್ಲಿ ಆಟವಾಗಿ ಅರಳಿದುದು ಅಚ್ಚಿನಿಂದಲ್ಲ, ತಟ್ಟೆಯಿಂದಲ್ಲ. ಕಂಠದಿಂದ ಕಂಠಕ್ಕೆ ದಾಟಿ.

ಅಲ್ಲಿಗೆ ದೂರವಲ್ಲದ ಇನ್ನೊಂದು ಊರು ಕೌಜಲಗಿ. ಹೆಂಗಸೊಬ್ಬಳು ಬಯಲಿನ ರಂಗವನ್ನೇರಿ ಹಾಡುವುದೆಂದರೆ ಊರೆಲ್ಲ ಬೆರಳೆತ್ತಿ ತೋರಿಸುತ್ತಿದ್ದ ಕಾಲದಲ್ಲಿ ಆ ಊರಿನ ನಿಂಗಮ್ಮ ಪಾರಿಜಾತದಲ್ಲಿ ಹಾಡಿ ಕುಣಿದು, ಆಟದ ಹೆಸರಿನೊಡನೆ ತನ್ನ ಹೆಸರೂ ಬೆರೆಯುವಂತೆ ಮಾಡಿದಳು. ಇಂದಿಗೂ ಆ ಕಡೆ ಪಾರಿಜಾತವೆಂದರೆ ಕೌಜಲಗಿ ನಿಂಗಮ್ಮನ ಮಾತು ಬಂದೇ ಬರುತ್ತದೆ. ಮೂರು ನಿಮಿಷದ ಕಟ್ಟಿಗೆ ಒಗ್ಗತಕ್ಕ ಕಲೆ ಅದಲ್ಲ. ಅವಳ ದನಿಯ ಹಿಂದೆ ಹಿಮ್ಮೇಳವಿರಬೇಕು, ಎದುರಿಗೆ ಭಾಗವತನಿರಬೇಕು, ಅವನ ಆಚೆಗೆ ಕಂಬಳಿ ಹೊದ್ದು ಕುಳಿತ ಸಾವಿರ ಮಂದಿಯಿರಬೇಕು. ನಮ್ಮ ಸೀಮೆ ಅವಳನ್ನು ನೆನೆಯುವುದು ಯಂತ್ರದ ನೆರವಿನಿಂದಲ್ಲ. ಅಜ್ಜಿಯಿಂದ ಮೊಮ್ಮಗಳಿಗೆ ಬಂದ ಮಾತಿನಿಂದ.

ಇಷ್ಟು ಹೇಳಿದುದರಿಂದ ನಾವು ಯಂತ್ರವನ್ನು ಹಳಿಯುತ್ತಿದ್ದೇವೆಂದು ಶ್ರೋತೃಗಳು ತಿಳಿಯಬಾರದು. ಗ್ರಾಮಫೋನು ಈ ನಾಡಿಗೆ ಮಾಡಿದ ಉಪಕಾರ ಸಣ್ಣದಲ್ಲ. ಮಿರಜೆಯಲ್ಲಿ ನೆಲೆಸಿ ೧೯೩೭ರಲ್ಲಿ ಕಾಲವಾದ ಉಸ್ತಾದ ಅಬ್ದುಲ್ ಕರೀಮ್ ಖಾನರ ಠುಮ್ರಿಯನ್ನು ಗದಗಿನ ಹುಡುಗನೊಬ್ಬನು ತಟ್ಟೆಯಲ್ಲಿ ಕೇಳಿ, ಅಂಥ ಸಂಗೀತವನ್ನು ಕಲಿಸುವ ಗುರುವನ್ನು ಹುಡುಕಿಕೊಂಡು ೧೯೩೩ರಲ್ಲಿ ಮನೆ ಬಿಟ್ಟು ಹೊರಟನು. ಆ ಹುಡುಗನೇ ಮುಂದೆ ಪಂಡಿತ ಭೀಮಸೇನ ಜೋಶಿ. ಗಂಗೂಬಾಯಿ ಹಾನಗಲ್ಲರ ಮೊದಲ ತಟ್ಟೆಗಳು ಗಾಂಧಾರಿ ಎಂಬ ಹೆಸರಿನಿಂದ ಹೊರಬಂದು ಮನೆಮನೆಯನ್ನು ಮುಟ್ಟಿದವು. ಮಲ್ಲಿಕಾರ್ಜುನ ಮನಸೂರರ ಎಳೆಯ ಕಂಠವನ್ನು ಇಂದು ನಾವು ಕೇಳಬಲ್ಲೆವಾದರೆ ಅದು ೧೯೩೦ರ ದಶಕದ ತಟ್ಟೆಗಳ ಪುಣ್ಯ. ಬೀಳಗಿಯಲ್ಲಿ ಹುಟ್ಟಿದ ಅಮೀರಬಾಯಿ ಕರ್ನಾಟಕಿಯವರ ದನಿ ೧೯೪೩ರ 'ಕಿಸ್ಮತ್' ಚಿತ್ರದ ತಟ್ಟೆಗಳಿಂದ ಇಡೀ ದೇಶಕ್ಕೆ ಪರಿಚಯವಾಯಿತು. ದೊಡ್ಡವರ ಸಂಗೀತ ದೊಡ್ಡವರ ದಿವಾನಖಾನೆಯನ್ನು ಬಿಟ್ಟು ಚಹದ ಅಂಗಡಿಗೆ ಇಳಿದುದು ಈ ತಟ್ಟೆಯ ಬೆನ್ನೇರಿ.

ಬೆಳಗಾವಿ ಜಿಲ್ಲೆಯವರೇ ಆದ ಇನ್ನೊಬ್ಬರ ಚರಿತ್ರೆ ನಮ್ಮ ವಿಚಾರಕ್ಕೆ ಕನ್ನಡಿ ಹಿಡಿದಂತಿದೆ. ೧೯೨೪ರಲ್ಲಿ ಸುಳೇಭಾವಿಯಲ್ಲಿ ಹುಟ್ಟಿದ ಶಿವಪುತ್ರಯ್ಯನೆಂಬ ಬಾಲಕನು ದೊಡ್ಡ ದೊಡ್ಡ ಗವಾಯಿಗಳ ತಟ್ಟೆಗಳನ್ನು ಕೇಳಿ, ಒಂದು ಎಳೆಯೂ ಹೆಚ್ಚುಕಡಿಮೆಯಾಗದಂತೆ ಹಾಡಿ ತೋರಿಸುತ್ತಿದ್ದನು. ಬೆರಗಾದ ಜನ ಅವನನ್ನು ಕುಮಾರ ಗಂಧರ್ವನೆಂದು ಕರೆದರು. ಯಂತ್ರದ ಶಿಷ್ಯನಾಗಿ ಅವನು ಪಡೆದುದು ಅನುಕರಣದ ಕೀರ್ತಿ. ಮುಂದೆ ಕ್ಷಯರೋಗಕ್ಕೆ ತುತ್ತಾಗಿ, ೧೯೪೮ರಲ್ಲಿ ಮಾಳವದ ದೇವಾಸಕ್ಕೆ ಹೋಗಿ, ಹಾಡಬಾರದೆಂಬ ವೈದ್ಯರ ಕಟ್ಟಳೆಗೆ ಒಳಗಾಗಿ ವರ್ಷಗಟ್ಟಲೆ ಹಾಸಿಗೆಯಲ್ಲಿ ಮಲಗಿದ್ದಾಗ, ಅವರ ಕಿವಿಗೆ ಬಿದ್ದುದು ಆ ನಾಡಿನ ಹಳ್ಳಿಗರ ಹಾಡು. ಜಾನಪದದ ಮಟ್ಟುಗಳಲ್ಲಿ ರಾಗಗಳ ಮೂಲ ಬೀಜವನ್ನು ಕಂಡು, ಅವುಗಳಿಂದ ಹೊಸ ರಾಗಗಳನ್ನೇ ಕಟ್ಟಿ, ಯಾರನ್ನೂ ಹೋಲದ ಸಂಗೀತಗಾರರಾಗಿ ಅವರು ಎದ್ದುಬಂದರು. ತಟ್ಟೆ ಅವರಿಗೆ ಪರಂಪರೆಯನ್ನು ಕೊಟ್ಟಿತು. ಹಳ್ಳಿಯ ಹಾಡು ಅವರಿಗೆ ಅವರನ್ನೇ ಕೊಟ್ಟಿತು. ಎರಡೂ ಬೇಕಾದುವು.

ಹಳ್ಳಿಯ ಹಾಡನ್ನು ಹಿಡಿದಿಡುವುದಕ್ಕೆ ಯಂತ್ರವೊಂದೇ ಉಪಾಯವೆಂದು ನಮ್ಮ ಹಿರಿಯರು ಕಾಯುತ್ತ ಕೂಡಲಿಲ್ಲವೆಂಬುದೂ ಇಲ್ಲಿ ಸ್ಮರಣೀಯ. ವಿಜಾಪುರ ಸೀಮೆಯ ಹಲಸಂಗಿಯ ಗೆಳೆಯರು ತ್ರಿಪದಿಗಳನ್ನು ಕೂಡಿಸಿ ೧೯೩೧ರಲ್ಲಿ 'ಗರತಿಯ ಹಾಡು' ಎಂಬ ಸಂಗ್ರಹವನ್ನು ಹೊರತಂದರು. ಗೋಕಾಕ ತಾಲ್ಲೂಕಿನ ಬೆಟಗೇರಿಯಲ್ಲಿ ೧೯೦೦ರಲ್ಲಿ ಹುಟ್ಟಿದ ಬೆಟಗೇರಿ ಕೃಷ್ಣಶರ್ಮರು, ಅಂದರೆ ನಮ್ಮ ಆನಂದಕಂದರು, ಜನಪದ ಸಾಹಿತ್ಯವನ್ನು ಕೂಡಿಸಿ ಅಭ್ಯಾಸಮಾಡಿದುದಲ್ಲದೆ, ಆ ಮಟ್ಟುಗಳಲ್ಲಿಯೇ ತಾವೂ ಹಾಡು ಕಟ್ಟಿದರು. ಲೇಖನಿ ನುಡಿಯನ್ನು ಉಳಿಸಿತು. ಆದರೆ ಮಟ್ಟನ್ನು ಉಳಿಸುವ ಶಕ್ತಿ ಲೇಖನಿಗೆ ಎಲ್ಲಿಯದು? ಕಾಗದದ ಮೇಲಿನ ತ್ರಿಪದಿಗೆ ಬೀಸುವ ಕಲ್ಲಿನ ಶ್ರುತಿ ಇಲ್ಲ.

ಆ ಕೊರತೆಯನ್ನು ತುಂಬುವುದಕ್ಕೆ ಬಂದವರೆಂಬಂತೆ ಕಾಣುವವರು ಬಾಳಪ್ಪ ಹುಕ್ಕೇರಿಯವರು. ಅಡ್ಡಹೆಸರು ಹುಕ್ಕೇರಿಯಾದರೂ ಅವರು ೧೯೧೧ರಲ್ಲಿ ಹುಟ್ಟಿದುದು ಸವದತ್ತಿಯ ಕಡೆಯ ಮುರಗೋಡದಲ್ಲಿ. ಸ್ವಾತಂತ್ರ್ಯ ಚಳುವಳಿಯ ಸಭೆಗಳಲ್ಲಿ ಹಾಡಿದರು; ಜನಪದ ಗೀತ, ಲಾವಣಿ, ವಚನಗಳನ್ನು ಹಾಡಿದರು; ಬೇಂದ್ರೆಯವರ, ಆನಂದಕಂದರ ಕವಿತೆಗಳನ್ನು ಪುಸ್ತಕದ ಪುಟದಿಂದ ಎಬ್ಬಿಸಿ ಜನರ ಬಾಯಿಗೆ ತಂದರು. ೧೯೩೫ರಲ್ಲಿ ಮೈಸೂರಿನಲ್ಲಿ ಪ್ರೊಫೆಸರ್ ಗೋಪಾಲಸ್ವಾಮಿಯವರು ತೆರೆದ ಬಾನುಲಿ ನಿಲಯ 'ಆಕಾಶವಾಣಿ'ಯೆಂಬ ಹೆಸರನ್ನು ಪಡೆದ ಕಥೆ ನಮಗೆ ಪರಿಚಿತವೇ. ಉತ್ತರದ ಕನ್ನಡಿಗರಿಗೆ ತಮ್ಮದೇ ನಿಲಯ ದೊರೆತುದು ೧೯೫೦ರ ಜನವರಿ ೮ರಂದು, ಧಾರವಾಡದಲ್ಲಿ. ಅಲ್ಲಿಂದ ಹರಿದ ಬಾಳಪ್ಪನವರ ದನಿಯನ್ನು ಹೊಲದಲ್ಲಿದ್ದವರೂ ಕೇಳಿದರು, ಓಣಿಯ ಕಟ್ಟೆಯ ಮೇಲೆ ಕುಳಿತವರೂ ಕೇಳಿದರು. 'ಸಾವಿರ ಹಾಡುಗಳ ಸರದಾರ'ನೆಂದು ಜನ ಅವರನ್ನು ಕರೆದರು. ೧೯೯೨ರಲ್ಲಿ ಅವರು ತೀರಿಕೊಂಡರು. ಹಳ್ಳಿಯ ಹಾಡು ಹಳ್ಳಿಯ ಸೊಗಡನ್ನು ಬಿಡದೆ ಯಂತ್ರದೊಳಗೆ ಹೊಗಬಲ್ಲುದೆಂಬುದಕ್ಕೆ ಅವರೇ ಸಾಕ್ಷಿ.

ಈ ಮಾತು ನಮ್ಮ ನಾಡಿಗೆ ಮಾತ್ರ ಸೇರಿದುದಲ್ಲ. ಅಮೆರಿಕದ ಮಿಸಿಸಿಪಿ ಸೀಮೆಯಲ್ಲಿ ರಾಬರ್ಟ್ ಜಾನ್ಸನ್ ಎಂಬ ನೀಗ್ರೋ ಕುಲದ ಬಡ ಗಾಯಕನಿದ್ದನು. ಊರೂರು ಅಲೆದು, ಗಿಟಾರ್ ಬಾರಿಸಿ ಹಾಡುವುದು ಅವನ ಬದುಕು. ೧೯೩೬ ಮತ್ತು ೧೯೩೭ರಲ್ಲಿ ಟೆಕ್ಸಾಸಿನಲ್ಲಿ ಅವನ ೨೯ ಹಾಡುಗಳನ್ನು ಮುದ್ರಿಸಿಕೊಂಡರು. ಮರುವರ್ಷ, ತನ್ನ ೨೭ನೆಯ ವಯಸ್ಸಿನಲ್ಲಿ, ಅವನು ಸತ್ತುಹೋದನು. ೧೯೬೧ರಲ್ಲಿ ಆ ತಟ್ಟೆಗಳಿಂದ ಆಯ್ದ ಹಾಡುಗಳನ್ನು ಹೊಸದಾಗಿ ಅಚ್ಚು ಹಾಕಿ ಹೊರಡಿಸಿದಾಗ, ಸಮುದ್ರದಾಚೆ ಇಂಗ್ಲೆಂಡಿನ ಹುಡುಗರು ಅದನ್ನು ಕೇಳಿ ಮರುಳಾದರು. ರಾಕ್ ಎಂದು ಜಗತ್ತು ಕರೆಯುವ ಸಂಗೀತದ ದೊಡ್ಡ ಹೆಸರುಗಳಲ್ಲೊಬ್ಬನಾದ ಎರಿಕ್ ಕ್ಲಾಪ್ಟನ್ ಅವನನ್ನು ಗುರುವೆಂದೇ ಎಣಿಸಿದನು. ಸತ್ತ ಹಾಡುಗಾರನಿಗೆ ಕಾಣದ ನಾಡಿನಲ್ಲಿ ಶಿಷ್ಯರು ಹುಟ್ಟಿದರು.

ಅದೇ ಸೀಮೆಯ ಮಡ್ಡಿ ವಾಟರ್ಸ್ ಎಂಬವನ ಕಥೆ ಇನ್ನಷ್ಟು ಸ್ವಾರಸ್ಯಕರ. ೧೯೪೧ರಲ್ಲಿ ಜಾನಪದ ಸಂಗ್ರಾಹಕ ಆಲನ್ ಲೋಮ್ಯಾಕ್ಸನು ಅವನು ದುಡಿಯುತ್ತಿದ್ದ ಹತ್ತಿಯ ತೋಟಕ್ಕೆ ಯಂತ್ರವನ್ನು ತೆಗೆದುಕೊಂಡು ಹೋಗಿ ಅವನ ಹಾಡನ್ನು ಮುದ್ರಿಸಿದನು. ತರುವಾಯ ಎರಡು ತಟ್ಟೆಗಳನ್ನೂ ೨೦ ಡಾಲರನ್ನೂ ಅವನಿಗೆ ಕಳುಹಿಸಿದನು. ಕೂಲಿಯವನು ತನ್ನ ದನಿಯನ್ನು ತಾನೇ ಕೇಳಿ, ತಾನೂ ಹಾಡುಗಾರನೇ ಎಂದು ನಂಬಿದನು. ಎರಡು ವರ್ಷದಲ್ಲಿ ತೋಟವನ್ನು ಬಿಟ್ಟು ಶಿಕಾಗೋ ಪಟ್ಟಣಕ್ಕೆ ಹೋದನು. ಅವನ ೧೯೫೦ರ ಒಂದು ಹಾಡಿನಿಂದಲೇ ರೋಲಿಂಗ್ ಸ್ಟೋನ್ಸ್ ಎಂಬ ಜಗತ್ಪ್ರಸಿದ್ಧ ಮೇಳ ತನ್ನ ಹೆಸರನ್ನು ತೆಗೆದುಕೊಂಡಿತು. ಇಲ್ಲಿ ಗಮನಿಸತಕ್ಕ ಸಂಗತಿ ಒಂದಿದೆ. ಸಂಗ್ರಾಹಕನು ಹಾಡನ್ನು ಕೊಂಡೊಯ್ದು ಸುಮ್ಮನಾಗಲಿಲ್ಲ, ಹಾಡಿದವನಿಗೆ ಮರಳಿಸಿದನು. ಮರಳಿ ಬಂದ ತಟ್ಟೆಯೇ ಒಂದು ಬಾಳನ್ನು ತಿರುಗಿಸಿತು.

ಮರಳಿಸುವ ಈ ಕೆಲಸ ನಮ್ಮ ಕರ್ನಾಟಕದಲ್ಲಿಯೂ ಒಮ್ಮೆ ನಡೆದುದುಂಟು. ಹಾಲೆಂಡಿನ ವಿದ್ವಾಂಸ ಆರ್ನಲ್ಡ್ ಬಾಕೆ ೧೯೩೮ರಲ್ಲಿ ತಮಿಳುನಾಡು, ಕೇರಳ, ಕರ್ನಾಟಕಗಳಲ್ಲಿ ಸಂಚರಿಸಿ ಹಳ್ಳಿಯ ಹಾಡು ಕುಣಿತಗಳನ್ನು ಯಂತ್ರಕ್ಕೆ ಹಿಡಿಸಿದರು. ೧೯೮೪ರಲ್ಲಿ ಅವರ ಶಿಷ್ಯರಾದ ನಜೀರ್ ಜೈರಾಜಭಾಯಿಯವರೂ ಆಮಿ ಕ್ಯಾಟ್ಲಿನ್ ಅವರೂ ಆ ಧ್ವನಿಮುದ್ರಣಗಳನ್ನು ಹೊತ್ತುಕೊಂಡು ಅದೇ ದಾರಿಯಲ್ಲಿ ಬಂದು, ಊರವರಿಗೆ ಕೇಳಿಸಿದರು. ನಲವತ್ತಾರು ವರ್ಷಗಳಲ್ಲಿ ಏನು ಉಳಿದಿದೆ, ಏನು ಮಾರ್ಪಟ್ಟಿದೆ ಎಂಬುದನ್ನು ಹೇಳಬಲ್ಲವರು ಊರವರೇ ಹೊರತು ಯಂತ್ರವಲ್ಲ.

ನಮ್ಮದೇ ಒಂದು ಅನುಭವವನ್ನು ಇಲ್ಲಿ ಹೇಳಿದರೆ ತಪ್ಪಾಗಲಾರದು. ಗೋಕಾಕದ ಪರಿಚಿತರೊಬ್ಬರ ಮನೆಯ ಅಟ್ಟದ ಮೇಲೆ ಹಳೆಯ ತಟ್ಟೆಗಳ ಪೆಟ್ಟಿಗೆಯೊಂದು ದೊರೆಯಿತು. ನಾಲ್ಕಾರು ಒಡೆದಿದ್ದವು. ಒಂದರ ನಡುವಣ ಚೀಟಿಯನ್ನು ಹುಳು ತಿಂದಿದ್ದಿತು. ಮುಳ್ಳನ್ನು ಇಟ್ಟೆವು, ಕರಕರ ಸದ್ದಿನ ಹಿಂದಿನಿಂದ ಹೆಂಗಸೊಬ್ಬಳ ದನಿ ಎದ್ದಿತು. ಕನ್ನಡದ ಪದ. ನುಡಿ ಅರ್ಧ ತಿಳಿಯಿತು, ಅರ್ಧ ತಿಳಿಯಲಿಲ್ಲ. ಒಳಗಿನ ಕೋಣೆಯಿಂದ ಆ ಮನೆಯ ಆಯಿ ಗೋಡೆ ಹಿಡಿದುಕೊಂಡು ಬಂದು ಹೊಸ್ತಿಲಲ್ಲಿ ನಿಂತರು. ಮೂರು ನಿಮಿಷವೂ ಅಲುಗಲಿಲ್ಲ. ಹಾಡು ಮುಗಿದ ಮೇಲೆ, "ಯಾರ ದನಿ, ಆಯಿ?" ಎಂದು ಕೇಳಿದೆವು.

"ದನಿ ಯಾರದೋ ಗೊತ್ತಿಲ್ಲ, ತಮ್ಮಾ. ಮಟ್ಟು ನಮ್ಮದು. ನಮ್ಮವ್ವ ಬೀಸುವಾಗ ಇದ ಮಟ್ಟಿನ್ಯಾಗ ಹಾಡತಿದ್ಲು," ಎಂದರು. ಆಮೇಲೆ ತಾವೇ ನಾಲ್ಕು ನುಡಿ ಹಾಡಿದರು. ತಟ್ಟೆಯಲ್ಲಿ ಇರದಿದ್ದ ನುಡಿಗಳು ಅವು.

ಆ ಮಧ್ಯಾಹ್ನ ನಮ್ಮೆದುರಿಗೆ ಎರಡು ಅರ್ಧಗಳು ಇದ್ದವು. ತಟ್ಟೆಯ ಹತ್ತಿರ ದನಿ ಇದ್ದಿತು, ಹೆಸರು ಇದ್ದಿಲ್ಲ. ಆಯಿಯ ಹತ್ತಿರ ಮಟ್ಟೂ ನುಡಿಯೂ ಇದ್ದವು; ಅವರ ದನಿಯನ್ನು ಹಿಡಿದಿಡುವ ತಟ್ಟೆ ಇದ್ದಿಲ್ಲ. ಮರುವರ್ಷ ನಾವು ಆ ಕಡೆ ಹೋದಾಗ ಆಯಿ ಇರಲಿಲ್ಲ. ಅವರು ಹಾಡಿದ ನುಡಿಗಳಲ್ಲಿ ಎರಡನ್ನು ಮಾತ್ರ ನಾವು ಬರೆದುಕೊಂಡಿದ್ದೆವು. ಉಳಿದೆರಡು ಹೋದವು. ನಮ್ಮ ಕೈಯಲ್ಲಿಯೇ ಇದ್ದ ಯಂತ್ರದಲ್ಲಿ ಅವರ ಹಾಡನ್ನು ಹಿಡಿಯಬಹುದಾಗಿದ್ದಿತೆಂಬ ವಿಚಾರ ಅಂದು ನಮಗೆ ಹೊಳೆಯಲಿಲ್ಲ. ಹಳೆಯ ತಟ್ಟೆಯ ಮೇಲಿನ ಮೋಹ ಅಷ್ಟು ಬಲವಾಗಿದ್ದಿತು.

ಈ ತಪ್ಪಿನಿಂದ ನಾವು ಕಲಿತ ಪಾಠವೇ ಇಂದಿನ ಮಾತಿನ ತಿರುಳು. ಧ್ವನಿಮುದ್ರಿಕೆ ದನಿಯನ್ನು ಉಳಿಸುತ್ತದೆ. ಹಾಡನ್ನು ಉಳಿಸುವುದು ಊರು. ಊರಿನ ನೆನಪಿಲ್ಲದ ಮುದ್ರಿಕೆ ವಿಳಾಸವಿಲ್ಲದ ಪತ್ರದಂತೆ. ಮುದ್ರಿಕೆಯಿಲ್ಲದ ಊರಿನ ನೆನಪು ಒಬ್ಬೊಬ್ಬ ಹಿರಿಯರು ಹೋದಂತೆಲ್ಲ ಒಂದೊಂದು ಹಿಡಿ ಸವೆಯುತ್ತದೆ. ಇವೆರಡನ್ನೂ ಕೂಡಿಸುವುದಕ್ಕೆ ಪಾಂಡಿತ್ಯ ಬೇಕಿಲ್ಲ, ಸರಕಾರದ ಅಪ್ಪಣೆಯೂ ಬೇಕಿಲ್ಲ; ಬೇಕಾದುದು ತುಸು ಎಚ್ಚರ ಮಾತ್ರ.

ಅರಗಿನ ತಟ್ಟೆ ಗಾಜಿನಂತೆ ಒಡೆಯುವ ವಸ್ತು. ಒಂದರ ಮೇಲೊಂದು ಅಡ್ಡಲಾಗಿ ಒಟ್ಟಿದರೆ ಬಿರಿಯುತ್ತದೆ, ಬಿಸಿಲು ತಾಗಿದರೆ ಬಾಗುತ್ತದೆ. ಪುಸ್ತಕದಂತೆ ನೆಟ್ಟಗೆ ನಿಲ್ಲಿಸಿ, ತಂಪಾದ ಕಡೆ ಇಡಬೇಕು. ಅದರ ಕಾಲ ೧೯೭೦ರ ಸುಮಾರಿಗೆ ಮುಗಿಯಿತು. ಆಮೇಲೆ ಬಂದ ಕ್ಯಾಸೆಟ್ಟು ನಮ್ಮ ಹಳ್ಳಿಯ ಹಾಡಿಗೆ ಹೆಚ್ಚು ಅನುಕೂಲವಾಗಿದ್ದಿತು. ಮೂರು ನಿಮಿಷದ ಬದಲು ಗಂಟೆಯ ಅವಕಾಶ. ಪರದೇಶದ ಕಾರಖಾನೆಯ ಬದಲು ಪಕ್ಕದ ಪೇಟೆ. ೧೯೮೦ರ ದಶಕದಲ್ಲಿ ಭಜನೆಯ ಪದ, ಗೀಗೀ ಪದ, ಬಯಲಾಟದ ಪದಗಳು ಸಂತೆಯಲ್ಲಿ ಕ್ಯಾಸೆಟ್ಟಾಗಿ ಮಾರಿದವು. ಆದರೆ ಅದರೊಳಗಿನ ತೆಳು ಪಟ್ಟಿಗೆ ಬೂಷ್ಟು ಹಿಡಿಯುತ್ತದೆ. ಕಾಂತದ ಗುಣ ಕುಂದುತ್ತದೆ. ತಟ್ಟೆಗಿಂತ ಮೊದಲು ಕೆಡುವುದು ಅದೇ. ಆದುದರಿಂದ ಮನೆಯಲ್ಲಿ ಹಳೆಯ ಕ್ಯಾಸೆಟ್ಟುಗಳಿದ್ದವರು ಅವುಗಳನ್ನು ಇಂದಿನ ಯಂತ್ರಗಳಿಗೆ ಇಳಿಸಿಕೊಳ್ಳುವುದನ್ನು ಮುಂದಕ್ಕೆ ಹಾಕಬಾರದು.

ಇಳಿಸುವಾಗ ಮೂರು ಸಂಗತಿಗಳನ್ನು ಬರೆದಿಡಿರಿ: ಹಾಡಿದವರು ಯಾರು, ಯಾವ ಊರಿನವರು, ಯಾವ ಹೊತ್ತಿನ ಹಾಡು. ಗೌಹರ್ ಜಾನ್ ಹಾಡಿನ ತುದಿಯಲ್ಲಿ ತನ್ನ ಹೆಸರನ್ನು ತಾನೇ ಕೂಗಿ ಹೇಳಿದಳು. ನಮ್ಮ ಬೀಸುವ ಪದದ ತಾಯಂದಿರು ಹಾಗೆ ಹೇಳಲಿಲ್ಲ. ಹೇಳುವುದು ಅವರ ರೂಢಿಯಲ್ಲ. ಅವರ ಪರವಾಗಿ ನಾವು ಹೇಳಬೇಕು. ಈಗ ಪ್ರತಿಯೊಬ್ಬರ ಜೇಬಿನಲ್ಲಿಯೂ ದನಿಯನ್ನು ಹಿಡಿಯುವ ಯಂತ್ರವಿದೆ. ಮೂರು ನಿಮಿಷದ ಕಟ್ಟೂ ಇಲ್ಲ, ಕಹಳೆಯ ಕಾಟವೂ ಇಲ್ಲ. ರಾತ್ರಿಯುದ್ದದ ಪಾರಿಜಾತವನ್ನು ರಾತ್ರಿಯುದ್ದಕ್ಕೂ ಹಿಡಿಯಬಹುದು. ಭಾಗವತನ ಪ್ರಶ್ನೆಯನ್ನೂ ದೂತಿಯ ಉತ್ತರವನ್ನೂ ಮಂದಿಯ ನಗೆಯನ್ನೂ ಕೂಡಿಯೇ ಹಿಡಿಯ­ಬಹುದು. ಕೌಜಲಗಿ ನಿಂಗಮ್ಮನ ಕಾಲಕ್ಕೆ ಇಲ್ಲದ ಸೌಕರ್ಯವಿದು.

ಶ್ರೋತೃಗಳಲ್ಲಿ ಹಲವರು ಪಟ್ಟಣವಾಸಿಗಳಾದರೂ, ಹಬ್ಬಕ್ಕೋ ಜಾತ್ರೆಗೋ ವರ್ಷಕ್ಕೊಮ್ಮೆಯಾದರೂ ತಮ್ಮ ಊರಿಗೆ ಹೋಗುವವರೇ. ಮುಂದಿನ ಬಾರಿ ಹೋದಾಗ ಮನೆಯಲ್ಲಿ ವಯಸ್ಸಾದವರು ಇದ್ದರೆ ಅವರ ಬಳಿ ಕುಳಿತು, ನಿಮ್ಮವ್ವ ಏನು ಹಾಡುತ್ತಿದ್ದಳೆಂದು ಕೇಳಿರಿ. ಮೊದಲು ಅವರು ನಕ್ಕು, ಎಲ್ಲಾ ಮರೆತುಹೋಗಿದೆ ಎಂದು ಅಂದಾರು. ಅವಸರ ಮಾಡದೆ ಕುಳಿತಿರಿ. ಒಂದು ನುಡಿ ಬಂದರೆ ಅದರ ಸೆರಗು ಹಿಡಿದು ಎರಡನೆಯದು ಬರುತ್ತದೆ. ನಾವು ಕಳೆದುಕೊಂಡ ಎರಡು ನುಡಿಗಳು ಆ ಸೀಮೆಯ ಇನ್ನಾವುದೋ ಮನೆಯ ಅಜ್ಜಿಯ ಬಾಯಲ್ಲಿ ಇನ್ನೂ ಇದ್ದರೂ ಇರಬಹುದು.